ಹುಳಿ ಉಳಿಸುವ ಕೆಂಪು: ನ್ಯೂಯಾರ್ಕ್–ನ್ಯೂಜೆರ್ಸಿಯ ಹಬ್ಬದ ಪಾನೀಯಗಳು

ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್‌ನಿಂದ ಹೊಸ ವರ್ಷದ ಮೊದಲ ದಿನದವರೆಗೆ ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿಯ ಮನೆಗಳಲ್ಲಿ ನಡೆಯುವ ಕೂಟಗಳಲ್ಲಿ ಕೆಂಪು ಬಣ್ಣದ ಪಾನೀಯಕ್ಕೆ ಒಂದು ಖಾಯಂ ಸ್ಥಾನವಿದೆ. ಇವುಗಳಲ್ಲಿ ಹೆಚ್ಚಿನವು ಕಾಕ್‌ಟೇಲ್ ವರ್ಗಕ್ಕೆ ಸೇರಿದವು. ಅಂದರೆ ಬಟ್ಟಿ ಇಳಿಸಿದ ಮದ್ಯಕ್ಕೆ ಹುಳಿ, ಸಿಹಿ, ಕಹಿ ಅಥವಾ ಹಣ್ಣಿನ ರಸವನ್ನು ಅಳತೆಯಿಂದ ಬೆರೆಸಿ, ಐಸ್‌ನಿಂದ ತಣಿಸಿ, ಆ ಐಸ್ ಕರಗಿ ಸೇರುವ ನೀರನ್ನೂ ಲೆಕ್ಕಕ್ಕೆ ಹಿಡಿದು ಸಿದ್ಧಪಡಿಸುವ ಮಿಶ್ರಣಗಳು. ಮದ್ಯ, ಸಕ್ಕರೆ, ನೀರು ಮತ್ತು ಕಹಿಸತ್ವ ಸೇರಿದ ಪಾನೀಯವೇ ಕಾಕ್‌ಟೇಲ್ ಎಂಬ ವಿವರಣೆ ಮುದ್ರಣದಲ್ಲಿ ಕಾಣಿಸಿದ್ದು ಕೂಡ ಇದೇ ಸೀಮೆಯಲ್ಲಿ, ನ್ಯೂಯಾರ್ಕ್ ರಾಜ್ಯದ ಹಡ್ಸನ್ ಪಟ್ಟಣದ ಪತ್ರಿಕೆಯೊಂದರ 1806ರ ಮೇ ತಿಂಗಳ ಸಂಚಿಕೆಯಲ್ಲಿ. ಇಂದು ಅಂಗಡಿಯಲ್ಲಿ ಸಿಗುವ ಕಡುಕೆಂಪು ಸಿರಪ್ ಒಂದನ್ನು ಯಾವ ಮದ್ಯಕ್ಕೆ ಸುರಿದರೂ ಬಣ್ಣವೇನೋ ಬರುತ್ತದೆ. ಆದರೆ ಒಳ್ಳೆಯ ಕೆಂಪು ಪಾನೀಯದಲ್ಲಿ ಬಣ್ಣ ಮತ್ತು ಹುಳಿ ಒಂದೇ ಹಣ್ಣಿನಿಂದ ಒಟ್ಟಿಗೆ ಬರುತ್ತವೆ, ಮತ್ತು ಅಂಥ ಪಾನೀಯ ಮದ್ಯ ಸೇರುವ ಮೊದಲೇ ಪಾನಕವಾಗಿ ರುಚಿಕಟ್ಟಾಗಿರುತ್ತದೆ.

ಇದಕ್ಕೆ ರಸಾಯನಶಾಸ್ತ್ರದ ಕಾರಣವೂ ಉಂಟು. ಕ್ರ್ಯಾನ್‌ಬೆರಿ, ದಾಳಿಂಬೆ, ಕಪ್ಪು ದ್ರಾಕ್ಷಿ, ಪುನರ್ಪುಳಿ ಇವೆಲ್ಲವುಗಳ ಕೆಂಪಿಗೆ ಕಾರಣವಾದದ್ದು ಆಂಥೊಸಯನಿನ್ ಎಂಬ ಸಸ್ಯವರ್ಣಗಳ ಗುಂಪು. ಈ ವರ್ಣದ್ರವ್ಯ ಹುಳಿಯ ಸಹವಾಸದಲ್ಲಿ ಕೆಂಪಾಗಿ ನಿಲ್ಲುತ್ತದೆ, ಹುಳಿ ಇಳಿದಂತೆ ನೇರಳೆಗೆ ಸರಿಯುತ್ತದೆ, ಕ್ಷಾರದ ಪ್ರಮಾಣ ಏರಿದರೆ ನೀಲಿಗೋ ಹಸಿರಿಗೋ ತಿರುಗಿ ಕೊನೆಗೆ ಕೆಟ್ಟುಹೋಗುತ್ತದೆ. ಒಂದು ಲೋಟ ಕ್ರ್ಯಾನ್‌ಬೆರಿ ರಸಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ನೊರೆಯುಕ್ಕಿ, ಕೆಂಪು ಮಾಸಿ, ಕೆಸರಿನಂಥ ನೇರಳೆ ಬಣ್ಣ ಬರುವುದನ್ನು ಯಾರು ಬೇಕಾದರೂ ಅಡುಗೆಮನೆಯಲ್ಲೇ ನೋಡಬಹುದು. ಅದಕ್ಕೆ ಮತ್ತೆ ನಿಂಬೆರಸ ಹಿಂಡಿದರೆ ಕೆಂಪು ಬಹುಮಟ್ಟಿಗೆ ಹಿಂದಿರುಗುತ್ತದೆ. ಬಾರ್‌ಗಳಲ್ಲಿ ಕೆಂಪು ಪಾನೀಯಗಳಿಗೆ ತಪ್ಪದೆ ನಿಂಬೆ ಹಿಂಡುವ ಪದ್ಧತಿ ರುಚಿಗಾಗಿ ಹುಟ್ಟಿದ್ದಾದರೂ ಅದು ಬಣ್ಣವನ್ನೂ ಕಾಯುತ್ತದೆ. ಬೀಟ್‌ರೂಟ್‌ನ ಕೆಂಪಾದರೋ ಬೇರೆ ವರ್ಗದ ವರ್ಣದ್ರವ್ಯದಿಂದ ಬರುವುದರಿಂದ ಈ ಮಾತು ಅದಕ್ಕೆ ಹೊಂದುವುದಿಲ್ಲ.

ಈ ಪ್ರದೇಶದ ಸ್ವಂತ ಕೆಂಪು ಹಣ್ಣೆಂದರೆ ಕ್ರ್ಯಾನ್‌ಬೆರಿ. ನ್ಯೂಜೆರ್ಸಿಯ ದಕ್ಷಿಣ ಭಾಗದಲ್ಲಿ ಪೈನ್ ಬ್ಯಾರೆನ್ಸ್ ಎಂದು ಕರೆಯಲ್ಪಡುವ ಮರಳುನೆಲದ ಕಾಡು ಹಬ್ಬಿದೆ. ಅಲ್ಲಿನ ಮಣ್ಣು ಹುಳಿಯಾದದ್ದು, ನೆಲದಡಿಯ ನೀರು ಮೇಲ್ಮಟ್ಟಕ್ಕೆ ಹತ್ತಿರವಾದದ್ದು, ಆದ್ದರಿಂದ ಸಾಮಾನ್ಯ ಬೆಳೆಗಳು ಸೊರಗುವ ಕಡೆ ಕ್ರ್ಯಾನ್‌ಬೆರಿಯ ಹಂಬು ಹುಲುಸಾಗಿ ಹರಡುತ್ತದೆ. ಅಲ್ಲಿನ ಮೂಲನಿವಾಸಿಗಳಾದ ಲೆನಾಪಿ ಜನ ಯುರೋಪಿಯನ್ನರು ಬರುವ ಮೊದಲೇ ಇದನ್ನು ಆಹಾರಕ್ಕೆ ಬಳಸುತ್ತಿದ್ದರು. ಬರ್ಲಿಂಗ್ಟನ್ ಕೌಂಟಿಯ ಚಾಟ್ಸ್‌ವರ್ತ್ ಸುತ್ತಮುತ್ತ ಅಕ್ಟೋಬರ್‌ನಲ್ಲಿ ಕೊಯ್ಲು ನಡೆಯುವಾಗ ತಗ್ಗಾದ ಗದ್ದೆಗಳಿಗೆ ನೀರು ತುಂಬಿಸಿ, ಯಂತ್ರದಿಂದ ಹಂಬುಗಳನ್ನು ಬಡಿದು ಹಣ್ಣನ್ನು ಬಿಡಿಸುತ್ತಾರೆ. ಪ್ರತಿ ಹಣ್ಣಿನೊಳಗೂ ಗಾಳಿ ತುಂಬಿದ ನಾಲ್ಕು ಗೂಡುಗಳಿರುವುದರಿಂದ ಹಣ್ಣುಗಳು ತೇಲಿ ಮೇಲೆ ಬರುತ್ತವೆ, ನೀರಿನ ಮೇಲೆ ಕೆಂಪು ಹಾಸಿನಂತೆ ಹರಡುತ್ತವೆ, ಅವನ್ನು ತೇಲುವ ಅಡ್ಡಪಟ್ಟಿಗಳಿಂದ ಒಂದು ಮೂಲೆಗೆ ಒತ್ತರಿಸಿ ಎತ್ತಿಕೊಳ್ಳುತ್ತಾರೆ. ಒಳಗಿನ ಈ ಗಾಳಿಯಿಂದಲೇ ಒಳ್ಳೆಯ ಹಣ್ಣು ನೆಲಕ್ಕೆ ಬಿದ್ದರೆ ಪುಟಿಯುತ್ತದೆ, ಕೊಳೆತದ್ದು ಪುಟಿಯುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ನ್ಯೂಜೆರ್ಸಿಯ ಜಾನ್ ವೆಬ್ ಎಂಬ ಒಂಟಿಕಾಲಿನ ಬೆಳೆಗಾರ ಹಣ್ಣುಗಳನ್ನು ಮೆಟ್ಟಿಲ ಮೇಲಿಂದ ಸುರಿದು, ಕೆಳಗಿನವರೆಗೆ ಪುಟಿದು ಬಂದವನ್ನು ಮಾತ್ರ ಆರಿಸುತ್ತಿದ್ದನೆಂಬ ಕಥೆ ಆ ಸೀಮೆಯಲ್ಲಿ ಪ್ರಚಲಿತವಾಗಿದೆ. ಹಣ್ಣು ಬೆಳೆಗಾರರ ಸಹಕಾರಿ ಸಂಸ್ಥೆಯಾದ ಓಷನ್ ಸ್ಪ್ರೇ 1930ರಲ್ಲಿ ರೂಪುಗೊಂಡಾಗ ಅದರ ಮೂವರು ಸ್ಥಾಪಕರಲ್ಲಿ ನ್ಯೂಜೆರ್ಸಿಯ ಎಲಿಜಬೆತ್ ಲೀ ಒಬ್ಬರಾಗಿದ್ದರು.

ಹಬ್ಬದ ಊಟದ ಬದಿಯಲ್ಲಿ ಮುಖ್ಯವಾಗಿ ಗೊಜ್ಜಾಗಿ ಬಳಕೆಯಲ್ಲಿದ್ದ ಈ ಹಣ್ಣು ವರ್ಷವಿಡೀ ಕುಡಿಯುವ ರಸವಾಗಿ ಬೆಳೆದುದರ ಹಿಂದೆ ಒಂದು ಆಹಾರಭೀತಿಯ ಪ್ರಸಂಗವಿದೆ. 1959ರ ನವೆಂಬರ್ 9ರಂದು, ಥ್ಯಾಂಕ್ಸ್‌ಗಿವಿಂಗ್ ಹತ್ತಿರವಿರುವಾಗ, ಅಮೆರಿಕದ ಆರೋಗ್ಯ ಇಲಾಖೆಯ ಕಾರ್ಯದರ್ಶಿ ಆರ್ಥರ್ ಫ್ಲೆಮಿಂಗ್ ಪಶ್ಚಿಮ ಕರಾವಳಿಯ ಕೆಲವು ಕ್ರ್ಯಾನ್‌ಬೆರಿಗಳಲ್ಲಿ ಅಮೈನೊಟ್ರಯಜೋಲ್ ಎಂಬ ಕಳೆನಾಶಕದ ಉಳಿಕೆ ಪತ್ತೆಯಾಗಿದೆಯೆಂದೂ, ಅದು ಪ್ರಯೋಗಾಲಯದ ಇಲಿಗಳಲ್ಲಿ ಗಡ್ಡೆಗಳನ್ನು ಉಂಟುಮಾಡಿದೆಯೆಂದೂ ಪ್ರಕಟಿಸಿದರು. ತಪ್ಪು ನಡೆದ ಗದ್ದೆಗಳು ದೇಶದ ಇನ್ನೊಂದು ಅಂಚಿನಲ್ಲಿದ್ದರೂ ಎಲ್ಲ ಕಡೆಯ ಮಾರಾಟವೂ ನೆಲಕಚ್ಚಿತು. ವರ್ಷದಲ್ಲಿ ಒಂದೇ ಹಬ್ಬವನ್ನು ನಂಬಿ ಕೂರುವುದರ ಅಪಾಯ ಮನವರಿಕೆಯಾದ ಉದ್ಯಮ ನಂತರದ ವರ್ಷಗಳಲ್ಲಿ ಬಾಟಲಿ ರಸಕ್ಕೆ ಒತ್ತು ಕೊಟ್ಟಿತು. ಇಂದು ಅಂಗಡಿಯಲ್ಲಿ ಸಿಗುವ ಆ ರಸದಲ್ಲಿ ನಿಜವಾದ ಹಣ್ಣಿನ ಪಾಲು ಶೇಕಡಾ 27ರಷ್ಟು, ಉಳಿದದ್ದು ಬಹುಪಾಲು ನೀರು ಮತ್ತು ಸಕ್ಕರೆ; ಅಪ್ಪಟ ರಸವನ್ನು ಹಾಗೆಯೇ ಕುಡಿಯಲು ಹೋದವರ ಹಲ್ಲು ಜುಂ ಎನ್ನುವಷ್ಟು ಹುಳಿ ಮತ್ತು ಒಗರು ಅದರಲ್ಲಿರುವುದರಿಂದ ಈ ಬೆರಕೆಯನ್ನು ಪೂರ್ತಿ ಆಕ್ಷೇಪಿಸುವಂತೆಯೂ ಇಲ್ಲ.

ಈ ಬಾಟಲಿ ರಸದ ಮೇಲೆಯೇ ನಿಂತದ್ದು ಕಾಸ್ಮೊಪಾಲಿಟನ್. ಇದೇ ಹೆಸರಿನ ಪಾನೀಯಗಳು ಬೇರೆ ಊರುಗಳಲ್ಲಿ ಮೊದಲೇ ಇದ್ದವಾದರೂ, ಈಗ ಎಲ್ಲೆಡೆ ಪರಿಚಿತವಾದ ರೂಪವನ್ನು 1988ರಲ್ಲಿ ಮ್ಯಾನ್‌ಹ್ಯಾಟನ್‌ನ ಟ್ರೈಬೆಕಾ ಭಾಗದ ಓಡಿಯನ್ ಎಂಬ ರೆಸ್ಟೊರೆಂಟಿನಲ್ಲಿ ಟೋಬಿ ಚೆಕ್ಕೀನಿ ಎಂಬ ಬಾರ್‌ಟೆಂಡರ್ ಸಿದ್ಧಪಡಿಸಿದನೆಂಬುದು ಸಾಮಾನ್ಯವಾಗಿ ಒಪ್ಪಿತವಾದ ವಿವರ. ನಿಂಬೆಯ ಪರಿಮಳವುಳ್ಳ ವೋಡ್ಕಾ ಸುಮಾರು 45 ಮಿಲಿಲೀಟರ್, ಕಿತ್ತಳೆ ಸಿಪ್ಪೆಯಿಂದ ತಯಾರಾಗುವ ಸಿಹಿಮದ್ಯವಾದ ಕ್ವಾಂತ್ರೋ 20, ತಾಜಾ ನಿಂಬೆರಸ 20, ಕ್ರ್ಯಾನ್‌ಬೆರಿ ರಸ 20. ಇಷ್ಟನ್ನೂ ಐಸ್ ತುಂಬಿದ ಶೇಕರ್‌ನಲ್ಲಿ ಹತ್ತು ಹನ್ನೆರಡು ಸೆಕೆಂಡು ಜೋರಾಗಿ ಅಲುಗಿಸಿ ಸೋಸುತ್ತಾರೆ. 1998ರಲ್ಲಿ ಆರಂಭವಾದ ಸೆಕ್ಸ್ ಅಂಡ್ ದಿ ಸಿಟಿ ಧಾರಾವಾಹಿ ಇದಕ್ಕೆ ಜಗತ್ತಿನಾದ್ಯಂತ ಪ್ರಚಾರ ಕೊಟ್ಟಿತು, ಮಿತಿಮೀರಿದ ಆ ಪ್ರಚಾರವೇ ಆಮೇಲೆ ಅದರ ಮರ್ಯಾದೆಯನ್ನೂ ಕೆಡಿಸಿತು. ಸರಿಯಾಗಿ ಮಾಡಿದಾಗ ಇದರ ಬಣ್ಣ ತಿಳಿಗುಲಾಬಿ ಮಾತ್ರ. ರಕ್ತಗೆಂಪಾಗಿ ಬಂದ ಕಾಸ್ಮೊಪಾಲಿಟನ್‌ನಲ್ಲಿ ಬಾಟಲಿ ರಸ ಹೆಚ್ಚಾಗಿದೆಯೆಂದೇ ತಿಳಿಯಬೇಕು.

ಇಷ್ಟು ಖ್ಯಾತಿಯಿಲ್ಲದಿದ್ದರೂ ಹಬ್ಬದ ಮೇಜಿಗೆ ಹೆಚ್ಚು ಒಪ್ಪುವುದು ಮತ್ತು ಹೆಚ್ಚು ಸ್ಥಳೀಯವಾದದ್ದು ಜ್ಯಾಕ್ ರೋಸ್. ಇದರ ಆಧಾರ ಆಪಲ್‌ಜ್ಯಾಕ್, ಅಂದರೆ ಹುದುಗಿಸಿದ ಸೇಬಿನ ರಸದಿಂದ ಪಡೆಯುವ ತೀಕ್ಷ್ಣಮದ್ಯ. ವಸಾಹತು ಕಾಲದ ರೈತರು ಹುದುಗಿದ ರಸವನ್ನು ಚಳಿಗಾಲದಲ್ಲಿ ಹೊರಗಿಟ್ಟು, ಹೆಪ್ಪುಗಟ್ಟಿದ ನೀರನ್ನು ತೆಗೆದುಹಾಕಿ, ಉಳಿದ ಗಟ್ಟಿಮದ್ಯವನ್ನು ಸಂಗ್ರಹಿಸುತ್ತಿದ್ದರು. ಮುಂದೆ ಭಟ್ಟಿಯ ಪದ್ಧತಿ ಬಂದಿತು. ನ್ಯೂಜೆರ್ಸಿಯ ಮನ್ಮತ್ ಕೌಂಟಿಯ ಸ್ಕೋಬಿವಿಲ್‌ನ ಲೇರ್ಡ್ ಕುಟುಂಬದ ಉದ್ದಿಮೆಯ ದಾಖಲೆಗಳು 1780ರವರೆಗೆ ಹಿಂದೆ ಹೋಗುತ್ತವೆ. ಭಟ್ಟಿ ಇಳಿಸುವ ಕೆಲಸವನ್ನು ಆ ಸಂಸ್ಥೆ ಬಹುಕಾಲದ ಹಿಂದೆಯೇ ವರ್ಜೀನಿಯಾಕ್ಕೆ ಸ್ಥಳಾಂತರಿಸಿದೆಯಾದರೂ ‘ಜೆರ್ಸಿ ಮಿಂಚು’ ಎಂದು ಈ ಮದ್ಯಕ್ಕೆ ಜನ ಕೊಟ್ಟ ಅಡ್ಡಹೆಸರು ಇನ್ನೂ ಉಳಿದುಕೊಂಡಿದೆ.

ಜ್ಯಾಕ್ ರೋಸ್ ಎಂಬ ಹೆಸರಿನ ಮೂಲದ ಬಗ್ಗೆ ಹಲವು ಕಥೆಗಳಿವೆ. ನ್ಯೂಯಾರ್ಕಿನ ಜೂಜುಕೋರರ ಲೋಕಕ್ಕೆ ಸೇರಿದ ಬೋಳುತಲೆಯ ಜ್ಯಾಕ್ ರೋಸ್ ಎಂಬವನ ಹೆಸರು ಇದಕ್ಕೆ ಬಂದಿತೆಂಬುದು ಒಂದು. ಆದರೆ ಅವನು ಕುಖ್ಯಾತನಾದದ್ದು 1912ರ ಜುಲೈನಲ್ಲಿ ನಡೆದ ಹರ್ಮನ್ ರೋಸೆಂತಾಲ್ ಕೊಲೆಯ ಮೊಕದ್ದಮೆಯಲ್ಲಿ ಸಾಕ್ಷಿ ನುಡಿದಾಗ. ಪಾನೀಯವಾದರೋ ಅದಕ್ಕೂ ಏಳು ವರ್ಷ ಮೊದಲೇ ಪತ್ರಿಕೆಯಲ್ಲಿ ಕಾಣಿಸಿಕೊಂಡಿತ್ತು. 1905ರ ನ್ಯಾಷನಲ್ ಪೊಲೀಸ್ ಗೆಜೆಟ್ ಎಂಬ ನಿಯತಕಾಲಿಕ, ಜೆರ್ಸಿ ಸಿಟಿಯ ಪವೋನಿಯಾ ಅವೆನ್ಯೂದ ಕೆಫೆಯೊಂದನ್ನು ನೋಡಿಕೊಳ್ಳುತ್ತಿದ್ದ, ಜ್ಯಾಕ್ ರೋಸ್ ಎಂದೇ ಹೆಸರಾಗಿದ್ದ ಫ್ರ್ಯಾಂಕ್ ಮೇ ಇದರ ಸೃಷ್ಟಿಕರ್ತನೆಂದು ಬರೆದಿದೆ. ಮದ್ಯವೂ ಊರೂ ನ್ಯೂಜೆರ್ಸಿಯವೇ ಆದ್ದರಿಂದ ಕೊಲೆಯ ಕಥೆಗಿಂತ ಈ ಸಾಧಾರಣ ವಿವರವೇ ನಂಬಲರ್ಹವಾಗಿದೆ. ಹೆಮಿಂಗ್ವೇಯ 1926ರ ಕಾದಂಬರಿ ದಿ ಸನ್ ಆಲ್ಸೊ ರೈಸಸ್‌ನ ನಾಯಕ ಪ್ಯಾರಿಸ್ಸಿನ ಹೋಟೆಲಿನಲ್ಲಿ ಕುಳಿತು ಗೆಳತಿಗಾಗಿ ಕಾಯುತ್ತ ಇದನ್ನೇ ಕುಡಿಯುತ್ತಾನೆ.

ಸೇಬಿನ ಮದ್ಯ 60 ಮಿಲಿಲೀಟರ್, ನಿಂಬೆರಸ 20, ಗ್ರೆನಡಿನ್ 15. ಜ್ಯಾಕ್ ರೋಸ್‌ಗೆ ಬೇಕಾದದ್ದು ಇಷ್ಟೇ, ಮತ್ತು ಇದರ ಅಳಿವು ಉಳಿವು ಗ್ರೆನಡಿನ್‌ನ ಮೇಲಿದೆ. ಗ್ರೆನಡಿನ್ ಎಂದರೆ ಮೂಲತಃ ದಾಳಿಂಬೆಯ ಸಿಹಿಪಾಕ. ಅಗ್ಗದ ಬಾಟಲಿಗಳಲ್ಲಿ ದಾಳಿಂಬೆಯ ಸುಳಿವೂ ಇರದೆ, ಮೆಕ್ಕೆಜೋಳದ ಸಿರಪ್, ಸಿಟ್ರಿಕ್ ಆಮ್ಲ ಮತ್ತು ಕೃತಕ ಕೆಂಪುಬಣ್ಣವಷ್ಟೇ ಇರುವುದುಂಟು. ಮನೆಯಲ್ಲಿ ಇದನ್ನು ಮಾಡುವುದು ಹೋಳಿಗೆಯ ಹೂರಣಕ್ಕಿಂತ ಎಷ್ಟೋ ಸುಲಭ: ದಾಳಿಂಬೆ ರಸಕ್ಕೆ ಅದರ ತೂಕದಷ್ಟೇ ಸಕ್ಕರೆ ಹಾಕಿ, ಸಣ್ಣ ಉರಿಯಲ್ಲಿ ಸಕ್ಕರೆ ಕರಗುವವರೆಗೆ ಮಾತ್ರ ಬಿಸಿಮಾಡಿ, ಕುದಿ ಬರುವ ಮೊದಲೇ ಇಳಿಸಿ, ತಣಿದ ಮೇಲೆ ಒಂದಿಷ್ಟು ನಿಂಬೆರಸ ಸೇರಿಸಿ ಫ್ರಿಜ್‌ನಲ್ಲಿಡಬೇಕು. ಎಳೆಪಾಕ ಬರುವವರೆಗೆ ಕಾಯಿಸಿದರೆ ದಾಳಿಂಬೆಯ ಕೆಂಪು ಕಂದಿ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ, ರುಚಿಯೂ ಬೆಲ್ಲದ ಕಡೆಗೆ ವಾಲುತ್ತದೆ.

ಬಣ್ಣದ ಮೂಲವನ್ನು ವಿಚಾರಿಸುವುದು ಸಸ್ಯಾಹಾರಿಗಳಿಗೆ ಇನ್ನೂ ಅಗತ್ಯ. ಕಳ್ಳಿಗಿಡದ ಮೇಲೆ ಬದುಕುವ ಕಾಚಿನೀಲ್ ಎಂಬ ಕೀಟವನ್ನು ಒಣಗಿಸಿ ತೆಗೆಯುವ ಕಾರ್ಮೈನ್ ಬಣ್ಣ ಶತಮಾನಗಳಿಂದ ಬಳಕೆಯಲ್ಲಿದ್ದು, ಇಟಲಿಯ ಪ್ರಸಿದ್ಧ ಕೆಂಪು ಕಹಿಮದ್ಯವಾದ ಕ್ಯಾಂಪರಿಯೂ ಅಮೆರಿಕದ ಮಾರುಕಟ್ಟೆಯಲ್ಲಿ 2006ರವರೆಗೆ ಅದನ್ನೇ ನೆಚ್ಚಿಕೊಂಡಿತ್ತು. ಕೃತಕ ಬಣ್ಣಗಳ ಪೈಕಿ ಕೆಂಪು ಸಂಖ್ಯೆ 3 ಎಂಬುದಕ್ಕೆ ಆಹಾರದಲ್ಲಿದ್ದ ಅನುಮತಿಯನ್ನು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರ ಜನವರಿಯಲ್ಲಿ ಹಿಂತೆಗೆದುಕೊಂಡಿದೆ. ಇನ್ನು ನ್ಯೂಯಾರ್ಕಿನ ಹೆಸರನ್ನೇ ಹೊತ್ತ ನ್ಯೂಯಾರ್ಕ್ ಸಾವರ್‌ಗೆ ಬಂದರೆ, ವಿಸ್ಕಿ, ನಿಂಬೆರಸ, ಸಕ್ಕರೆಪಾಕಗಳ ಮಿಶ್ರಣದ ಮೇಲೆ ಚಮಚದ ಬೆನ್ನಿನ ಮೂಲಕ ಕೆಂಪು ವೈನನ್ನು ಮೆಲ್ಲಗೆ ಇಳಿಸಿದಾಗ ಸಕ್ಕರೆಯಿಂದ ಭಾರವಾದ ಮಿಶ್ರಣ ಕೆಳಗೂ ಹಗುರವಾದ ವೈನ್ ಮೇಲೂ ನಿಂತು ಎರಡು ಬಣ್ಣದ ಪದರಗಳಾಗುತ್ತವೆ. ನೋಡಲು ಸೊಗಸಾದರೂ ಹಲವು ಕಡೆ ಇದಕ್ಕೆ ನೊರೆಗಾಗಿ ಮೊಟ್ಟೆಯ ಬಿಳಿಭಾಗ ಸೇರಿಸುತ್ತಾರೆ. ಅದರ ಬದಲು ಕಾಬೂಲಿ ಕಡಲೆ ಬೇಯಿಸಿದ ನೀರನ್ನು ಹಾಕಿ ಅಲುಗಿಸಿದರೂ ಅಷ್ಟೇ ನೊರೆ ಏಳುತ್ತದೆ. 1934ರ ಸುಮಾರಿಗೆ ಮ್ಯಾನ್‌ಹ್ಯಾಟನ್‌ನ ಸೇಂಟ್ ರೀಜಿಸ್ ಹೋಟೆಲಿನ ಬಾರ್‌ಗೆ ಬಂದ ಫರ್ನಾಂಡ್ ಪೆತಿಯೊ ಅಮೆರಿಕನ್ನರಿಗೆ ರೂಢಿಮಾಡಿಸಿದ ಬ್ಲಡಿ ಮೇರಿಯಲ್ಲಿ ಟೊಮ್ಯಾಟೊ ರಸ, ವೋಡ್ಕಾ, ಕರಿಮೆಣಸು, ಉಪ್ಪು, ನಿಂಬೆಗಳ ಜೊತೆ ವೂಸ್ಟರ್‌ಶೈರ್ ಸಾಸ್ ಕೂಡ ಬೀಳುತ್ತದೆ, ಮತ್ತು ಆ ಸಾಸಿನಲ್ಲಿ ಆಂಚೊವಿ ಎಂಬ ಸಣ್ಣ ಮೀನಿರುತ್ತದೆ. ಅದೇ ಸಾಸಿನ ಇನ್ನೊಂದು ಘಟಕ ಹುಣಸೆಯಾದ್ದರಿಂದ ಮೀನನ್ನು ಬಿಟ್ಟು ಹುಣಸೆರಸ, ಚೂರು ಬೆಲ್ಲ, ಮೆಣಸಿನಪುಡಿಗಳಿಂದ ಆ ರುಚಿಗೆ ಹತ್ತಿರ ಬರಬಹುದು.

ಮದ್ಯವಿಲ್ಲದ ಕೆಂಪು ಪಾನೀಯಕ್ಕೂ ಈ ಎರಡು ರಾಜ್ಯಗಳಲ್ಲಿ ಅಷ್ಟೇ ಗಟ್ಟಿಯಾದ ಚರಿತ್ರೆಯಿದೆ. ಚಾರ್ಲ್ಸ್ ಲ್ಯಾಂಡಿಸ್ 1861ರಲ್ಲಿ ನ್ಯೂಜೆರ್ಸಿಯಲ್ಲಿ ಸ್ಥಾಪಿಸಿದ ವೈನ್‌ಲ್ಯಾಂಡ್ ಎಂಬ ಊರಿನಲ್ಲಿ, ಹೆಸರು ದ್ರಾಕ್ಷಿತೋಟವನ್ನು ಸೂಚಿಸಿದರೂ, ಮದ್ಯಮಾರಾಟಕ್ಕೆ ಆಸ್ಪದವಿರಲಿಲ್ಲ. ಆ ಊರಿನ ದಂತವೈದ್ಯ ಥಾಮಸ್ ವೆಲ್ಚ್ ಮೆಥಡಿಸ್ಟ್ ಪಂಥದವನಾಗಿದ್ದು, ಚರ್ಚಿನ ಪ್ರಭುಭೋಜನದ ವಿಧಿಗೆ ಅಮಲಿಲ್ಲದ ದ್ರಾಕ್ಷಾರಸ ಬೇಕೆಂದು 1869ರಲ್ಲಿ ಕಾನ್ಕರ್ಡ್ ದ್ರಾಕ್ಷಿಯ ರಸವನ್ನು ಬಾಟಲಿಗಳಲ್ಲಿ ಮುಚ್ಚಿ, ಬಿಸಿನೀರಿನಲ್ಲಿ ಕಾಯಿಸಿ, ಹುದುಗು ಹುಟ್ಟದಂತೆ ಮಾಡಿದನು. ಲೂಯಿ ಪಾಶ್ಚರ್‌ನ ಆಗಿನ್ನೂ ಹೊಸದಾಗಿದ್ದ ವಿಧಾನವನ್ನು ಹಣ್ಣಿನ ರಸಕ್ಕೆ ಅನ್ವಯಿಸಿದ ಆರಂಭದ ಪ್ರಯತ್ನಗಳಲ್ಲಿ ಇದು ಒಂದು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ನೆಲೆಸಿರುವ ಜಮೈಕಾ, ಟ್ರಿನಿಡಾಡ್ ಮೂಲದವರ ಕ್ರಿಸ್‌ಮಸ್ ಪಾನೀಯವಾದ ಸಾರೆಲ್ ಇನ್ನೊಂದು ಉದಾಹರಣೆ. ಅದನ್ನು ಶುಂಠಿ, ಲವಂಗಗಳೊಂದಿಗೆ ರಾತ್ರಿಯಿಡೀ ನೆನೆಸಿಟ್ಟು ಸೋಸುವ ಕೆಂಪು ಪುಷ್ಪಪಾತ್ರೆಗಳು ಉತ್ತರ ಕರ್ನಾಟಕದಲ್ಲಿ ಪಲ್ಯಕ್ಕೆ ಬಳಸುವ ಪುಂಡಿಯ ಜಾತಿಯವೇ. ಅಲ್ಲಿ ಎಲೆಗೆ ಬೆಲೆ, ಇಲ್ಲಿ ಹೂವಿನ ಬುಡಕ್ಕೆ. ರೊಟ್ಟಿ ಜೊತೆ ಪುಂಡಿಪಲ್ಯ ತಿಂದು ಬೆಳೆದವರಿಗೆ ಸಾರೆಲ್‌ನ ಹುಳಿ ಹೊಸದೆನಿಸಲಾರದು.

ನ್ಯೂಜೆರ್ಸಿಯ ಬೃಂದಾವನ, ನ್ಯೂಯಾರ್ಕಿನ ಕನ್ನಡ ಕೂಟಗಳಂತಹ ಸಂಘಗಳ ರಾಜ್ಯೋತ್ಸವ, ದೀಪಾವಳಿಗಳ ಋತು ಮುಗಿಯುತ್ತಿದ್ದಂತೆ ಈ ರಜೆಯ ಕೂಟಗಳು ಮೊದಲಾಗುವುದರಿಂದ, ಒಂದೇ ಮನೆಯಲ್ಲಿ ಕುಡಿಯುವವರು, ಕುಡಿಯದವರು, ಊರಿನಿಂದ ಬಂದ ಹಿರಿಯರು ಮತ್ತು ಮಕ್ಕಳು ಒಟ್ಟಿಗೆ ಸೇರುವುದು ಸಾಮಾನ್ಯ. ಅಂಥ ಕಡೆ ಪುನರ್ಪುಳಿ ಒದಗಿಬರುತ್ತದೆ. ಮಲೆನಾಡಿನವರು ಮುರುಗಲು ಎಂದು ಕರೆಯುವ ಈ ಹಣ್ಣಿನ ಒಣಸಿಪ್ಪೆ ಎಡಿಸನ್ ಮತ್ತು ಇಸೆಲಿನ್‌ಗಳ ನಡುವೆ ಹಾದುಹೋಗುವ ಓಕ್ ಟ್ರೀ ರಸ್ತೆಯ ಭಾರತೀಯ ದಿನಸಿ ಅಂಗಡಿಗಳಲ್ಲಿ ಕೋಕಂ ಎಂಬ ಹೆಸರಿನಲ್ಲಿ ಸಿಗುತ್ತದೆ. ಅದರಲ್ಲಿ ಉಪ್ಪು ಬೆರೆಸಿ ಒಣಗಿಸಿದ್ದು ಸಾರಿಗೆ ಸರಿ, ಪಾನಕಕ್ಕೆ ಉಪ್ಪಿಲ್ಲದ್ದನ್ನೇ ಕೇಳಿ ತರಬೇಕು. 50 ಗ್ರಾಂ ಸಿಪ್ಪೆಯನ್ನು ಒಂದು ಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಮೂರು ಗಂಟೆ ನೆನೆಸಿ, ಕಿವುಚಿ ಸೋಸಿದರೆ ಮಾಣಿಕ್ಯದಂಥ ಬಣ್ಣ ಇಳಿಯುತ್ತದೆ.

ಕ್ರ್ಯಾನ್‌ಬೆರಿಯದಾದರೆ ಅಲ್ಲಿ ಮಾರಾಟದ ಸಾಮಾನ್ಯ ಅಳತೆಯಾದ 340 ಗ್ರಾಂ ಚೀಲವೊಂದರ ಹಣ್ಣಿಗೆ ಒಂದು ಲೀಟರ್ ನೀರು ಮತ್ತು ಸುಮಾರು 200 ಗ್ರಾಂ ಸಕ್ಕರೆ ಹಾಕಿ, ಸಿಪ್ಪೆಗಳು ಪಟಪಟನೆ ಒಡೆಯುವವರೆಗೆ ಹತ್ತು ನಿಮಿಷ ಕುದಿಸಿ, ಬಟ್ಟೆಯಲ್ಲಿ ತನ್ನಷ್ಟಕ್ಕೆ ಸೋರಲು ಬಿಡಬೇಕು. ಅವಸರಪಟ್ಟು ಹಿಂಡಿದರೆ ಹಣ್ಣಿನಲ್ಲಿ ಹೇರಳವಾಗಿರುವ ಪೆಕ್ಟಿನ್, ಅಂದರೆ ಜ್ಯಾಮನ್ನು ಗಟ್ಟಿಯಾಗಿಸುವ ಅಂಟಿನಂಥ ಪದಾರ್ಥ, ರಸದೊಳಗೆ ಇಳಿದು ಪಾನೀಯ ಮಬ್ಬಾಗುತ್ತದೆ. ಈ ಎರಡು ರಸಗಳನ್ನು ಸಮಪಾಲಿನಲ್ಲಿ ಕೂಡಿಸಿ, ಕಿತ್ತಳೆಯ ಸಿಪ್ಪೆಯನ್ನು ಸಕ್ಕರೆಯೊಡನೆ ಉಜ್ಜಿ ಬಿಡಿಸಿದ ಎಣ್ಣೆಯ ಪರಿಮಳ ಸೇರಿಸಿ, ಅಗಲವಾದ ಬೋಗುಣಿಯಲ್ಲಿ ಇಡುವುದು ಪಂಚ್ ಎನ್ನುವ ಹಳೆಯ ಪದ್ಧತಿ. ಹದಿನೇಳನೆಯ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜನರ ಬರಹಗಳಲ್ಲಿ ಕಾಣಿಸಿಕೊಂಡು ಅಟ್ಲಾಂಟಿಕ್ ದಾಟಿದ ಪದ್ಧತಿ ಅದು. ಬೋಗುಣಿಗೆ ಚಿಕ್ಕ ಐಸ್ ತುಂಡುಗಳ ಬದಲು ಒಂದೇ ದೊಡ್ಡ ಗಡ್ಡೆ ಹಾಕಬೇಕು, ಏಕೆಂದರೆ ಗಾತ್ರಕ್ಕೆ ಹೋಲಿಸಿದರೆ ಅದರ ಹೊರಮೈ ಕಡಿಮೆಯಾದ್ದರಿಂದ ನಿಧಾನವಾಗಿ ಕರಗುತ್ತದೆ. ಸೋಡಾವನ್ನು ಬಡಿಸುವಾಗಲೇ ಲೋಟಕ್ಕೆ ಸೇರಿಸಬೇಕು.

ಮದ್ಯವನ್ನು ಬೋಗುಣಿಗೆ ಸುರಿಯದೆ ಪಕ್ಕದಲ್ಲಿ ಅಳತೆಯ ಲೋಟದೊಡನೆ ಇಡುವುದೇ ಮೇಲು. ಅಮೆರಿಕದ ಲೆಕ್ಕದಲ್ಲಿ ಒಂದು ಪ್ರಮಾಣಿತ ಪಾನವೆಂದರೆ 14 ಗ್ರಾಂ ಶುದ್ಧ ಆಲ್ಕೊಹಾಲ್, ಅಂದರೆ ಶೇಕಡಾ 40ರ ಮದ್ಯ ಸುಮಾರು 45 ಮಿಲಿಲೀಟರ್. ಶೇಕಡಾ 50ರ ಸೇಬಿನ ಮದ್ಯ 60 ಮಿಲಿಲೀಟರ್ ಬಿದ್ದ ಒಂದೇ ಜ್ಯಾಕ್ ರೋಸ್‌ನಲ್ಲಿ ಅಂಥ ಒಂದೂಮುಕ್ಕಾಲರಷ್ಟು ಪಾನಗಳಿರುತ್ತವೆ, ಸಿಹಿ ಹುಳಿಗಳ ಮರೆಯಲ್ಲಿ ಅದು ನಾಲಿಗೆಗೆ ತಿಳಿಯುವುದಿಲ್ಲ. ಎರಡೂ ರಾಜ್ಯಗಳಲ್ಲಿ ಮದ್ಯ ಕೊಳ್ಳಲು 21 ವರ್ಷ ತುಂಬಿರಬೇಕು. ಇದಲ್ಲದೆ ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ 1984ರಲ್ಲಿ ಕೊಟ್ಟ ತೀರ್ಪಿನ ಪ್ರಕಾರ, ಅತಿಥಿಗೆ ಅಮಲೇರಿರುವುದು ಕಣ್ಣಿಗೆ ಕಾಣುತ್ತಿದ್ದರೂ, ಅವನು ಕಾರು ಓಡಿಸುವನೆಂದು ಗೊತ್ತಿದ್ದರೂ ಮತ್ತೆ ಮದ್ಯ ಕೊಟ್ಟ ಮನೆಯ ಯಜಮಾನ, ಆ ಅತಿಥಿ ರಸ್ತೆಯಲ್ಲಿ ಮೂರನೆಯವರಿಗೆ ಮಾಡಿದ ಹಾನಿಗೆ ಹೊಣೆಯಾಗುತ್ತಾನೆ. ಮುಂದೆ ಶಾಸನಸಭೆಯೂ ಈ ಹೊಣೆಯನ್ನು ಕಾಯಿದೆಯ ರೂಪಕ್ಕೆ ತಂದಿತು. ನ್ಯೂಯಾರ್ಕಿನಲ್ಲಿ ಖಾಸಗಿ ಮನೆಯವರ ಮೇಲಿನ ಇಂಥ ಹೊಣೆ ಮುಖ್ಯವಾಗಿ 21 ವರ್ಷದೊಳಗಿನವರಿಗೆ ಮದ್ಯ ಕೊಟ್ಟ ಸಂದರ್ಭಗಳಿಗೆ ಸೀಮಿತವಾಗಿದೆ. ಕೂಟ ಹಡ್ಸನ್ ನದಿಯ ಯಾವ ದಡದಲ್ಲಿ ನಡೆದರೂ, ಮದ್ಯ ಬೇರೆಯಾಗಿದ್ದಾಗ ಯಾರ ಲೋಟಕ್ಕೆ ಎಷ್ಟು ಹೋಯಿತೆಂಬುದು ಮನೆಯವರಿಗೆ ತಿಳಿದಿರುತ್ತದೆ, ಮತ್ತು ಕಾರಿನ ಕೀಲಿ ಹಿಡಿದವರ ಕೈಯಲ್ಲೂ ಉಳಿದವರದೇ ಬಣ್ಣದ ಲೋಟವಿರುತ್ತದೆ.